ಹತ್ತರಲ್ಲಿ ಒಂದು ಪಾಲು

ಪ್ಲಾಟಿನಂ ಎಂದರೆ ನಮಗೆ ನೆನಪಾಗುವುದು ಚಿನ್ನದಂಗಡಿಯ ಬೆಳ್ಳಗಿನ ಉಂಗುರ. ಅದೇ ಲೋಹ ಔಷಧಿಯ ರೂಪದಲ್ಲಿ ನಮ್ಮ ಚಾಮರಾಜನಗರ, ಗುಂಡ್ಲುಪೇಟೆಯ ಹೆಂಗಸರ ನರಗಳಲ್ಲೂ ಹರಿಯುತ್ತದೆ ಎಂದರೆ ಮೊದಲು ನಂಬಿಕೆ ಬರುವುದಿಲ್ಲ. ಗರ್ಭಕಂಠದ, ಅಂಡಾಶಯದ ಕ್ಯಾನ್ಸರಿಗೆ ಮೈಸೂರಿನಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ಡ್ರಿಪ್ ಹಾಕುತ್ತಾರಲ್ಲ, ಅದರಲ್ಲಿ ಎಷ್ಟೋ ಸಲ ಇರುವುದು ಸಿಸ್‌ಪ್ಲಾಟಿನ್, ಇಲ್ಲವೇ ಅದರ ತಂಗಿಯಂಥ ಕಾರ್ಬೋಪ್ಲಾಟಿನ್.

ಸಿಸ್‌ಪ್ಲಾಟಿನ್ ಹೊಸದೇನಲ್ಲ. 1840ರ ದಶಕದಲ್ಲಿಯೇ ಇಟಲಿಯ ಮಿಕೆಲೆ ಪೆಯ್ರೋನೆ ಅದನ್ನು ತಯಾರಿಸಿದ್ದ. ಔಷಧಿಯೆಂದು ಯಾರಿಗೂ ತಿಳಿದಿರಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳ ನಡುವೆ ವಿದ್ಯುತ್ ಹರಿಸಿ ನೋಡುತ್ತಿದ್ದಾಗ ಅವು ಎರಡಾಗಿ ಒಡೆಯುವುದನ್ನೇ ನಿಲ್ಲಿಸಿ ಉದ್ದಕ್ಕೆ ಬೆಳೆದವು. ಕಾರಣ ವಿದ್ಯುತ್ತಲ್ಲ, ಪ್ಲಾಟಿನಂ ಕಡ್ಡಿಯಿಂದ ಕರಗಿ ಬಂದ ಅಂಶ ಎಂದು ಆಮೇಲೆ ತಿಳಿಯಿತು. 1978ರಲ್ಲಿ ಅಮೆರಿಕದಲ್ಲಿ ಅದನ್ನು ಕ್ಯಾನ್ಸರಿನ ಔಷಧಿಯೆಂದು ಒಪ್ಪಿದರು.

ನನ್ನ ಮನಸ್ಸನ್ನು ಹಿಡಿದದ್ದು ಈ ಕಥೆಗಿಂತ, ಔಷಧಿ ನರದೊಳಗೆ ಇಳಿದ ಮೇಲಿನ ಕಥೆ. ನಮ್ಮ ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇದೆ. ಯಕೃತ್ತು ಅದನ್ನು ತಯಾರಿಸುತ್ತದೆ. ಕೊಬ್ಬು, ಹಾರ್ಮೋನು, ಔಷಧಿ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತು ಓಡಾಡುವುದು ಅದರ ಕೆಲಸ, ದೊಡ್ಡ ಮನೆಯ ಹಿರಿಸೊಸೆಯ ಹಾಗೆ. ಅದರ ಮೈಯಲ್ಲಿ ಗಂಧಕದ ಅಂಶವಿರುವ ಜಾಗಗಳಿವೆ. ಗಂಧಕಕ್ಕೂ ಪ್ಲಾಟಿನಂಗೂ ಬಲು ನಂಟು. ಸಿಸ್‌ಪ್ಲಾಟಿನ್ ಕೊಟ್ಟ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿರುವ ಪ್ಲಾಟಿನಂನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಪ್ರೋಟೀನುಗಳಿಗೆ ಅಂಟಿಕೊಂಡುಬಿಟ್ಟಿರುತ್ತದೆ. ಬಹುಮಟ್ಟಿಗೆ ಅದು ಬಿಚ್ಚಲಾಗದ ಗಂಟು. ಹಾಗೆ ಅಂಟಿದ್ದು ಗೆಡ್ಡೆಯ ಮೇಲೆ ಕೆಲಸ ಮಾಡುವುದು ಇಲ್ಲವೆನ್ನುವಷ್ಟು ಕಡಿಮೆ. ಬಿಡಿಯಾಗಿ ಉಳಿದ ಪಾಲು ಮಾತ್ರ ಜೀವಕೋಶದೊಳಗೆ ಹೊಕ್ಕು, ಡಿಎನ್‌ಎ ಎಳೆಗೆ ತೊಡಕು ಹಾಕಿ, ಅದು ಬೆಳೆಯದಂತೆ ಮಾಡುತ್ತದೆ. ಕಿಡ್ನಿಯನ್ನು ನೋಯಿಸುವುದೂ ಮುಖ್ಯವಾಗಿ ಆ ಬಿಡಿ ಪಾಲೇ. ಅದಕ್ಕೇ ಬಾಟಲಿಗಟ್ಟಲೆ ಸಲೈನ್ ಹಾಕುವುದು. ಕಾರ್ಬೋಪ್ಲಾಟಿನ್ ಇಷ್ಟು ಅವಸರದಲ್ಲಿ ಅಂಟುವುದಿಲ್ಲ.

ಹಾಗಾದರೆ ಆಲ್ಬುಮಿನ್ ರೋಗಿಯ ಹಿತೈಷಿಯೋ, ಅಡ್ಡಗಾಲೋ? ಎರಡೂ ಹೌದು. ಗುಣ ಮಾಡುವುದನ್ನೂ ಅದು ಹಿಡಿದಿಡುತ್ತದೆ, ನೋಯಿಸುವುದನ್ನೂ ಹಿಡಿದಿಡುತ್ತದೆ. ಇದನ್ನು ಓದಿದಾಗ ನನಗೆ ನಮ್ಮ ಮನೆಗಳ ನೆನಪಾಯಿತು.

ನಮ್ಮ ಕಡೆ ಹೆಂಗಸಿಗೆ ಕ್ಯಾನ್ಸರ್ ಎಂದು ಗೊತ್ತಾದರೆ ಡಾಕ್ಟರ ಮಾತು ಮೊದಲು ಗಂಡನ ಕಿವಿಗೆ ಬೀಳುತ್ತದೆ. ಅಲ್ಲಿಂದ ಮೈದುನನಿಗೆ, ಹಿರಿಮಗನಿಗೆ, ಅತ್ತೆಗೆ. ಒಬ್ಬೊಬ್ಬರೂ ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತಾರೆ. ಅವಳಿಗೆ ಮುಟ್ಟುವಾಗ ಅದು "ಸಣ್ಣ ಗಂಟಂತೆ, ಕರಗುತ್ತಂತೆ" ಎಂದಾಗಿರುತ್ತದೆ. ಹಿಡಿದಿಟ್ಟವರಲ್ಲಿ ಕೆಟ್ಟವರು ಯಾರೂ ಇಲ್ಲ. ಪ್ರೀತಿಯಿಂದಲೇ ಹಿಡಿದಿಟ್ಟಿರುತ್ತಾರೆ.

ಗುಂಡ್ಲುಪೇಟೆಯಲ್ಲಿ ನನಗೆ ಬೇಕಾದವರೊಬ್ಬರಿಗೆ ಗರ್ಭಕಂಠದ ಕ್ಯಾನ್ಸರ್ ಆಗಿತ್ತು. ಮೈಸೂರಿನಲ್ಲಿ ನೆಂಟರ ಮನೆಯಲ್ಲಿದ್ದು ದಿನವೂ ರೇಡಿಯೇಷನ್, ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್. ರೋಗದ ಹೆಸರನ್ನು ಅವರಿಗೆ ಹೇಳಿರಲಿಲ್ಲ. ಒಂದು ಭಾನುವಾರ ಚಾಮರಾಜನಗರದಿಂದ ನೋಡಲು ಹೋದಾಗ ಅವರು ಕೇಳಿದ್ದು ಒಂದೇ: "ಇವರೆಲ್ಲ ಯಾಕೆ ನನ್ನ ಮುಖ ನೋಡಿ ಮಾತಾಡಲ್ಲ?" ಅವರ ಮಗನನ್ನು ಪಕ್ಕಕ್ಕೆ ಕರೆದು, ಅಮ್ಮನಿಗೆ ಹೇಳಪ್ಪಾ ಎಂದೆ. ಹೇಳಿದ. ಅವರು ಅತ್ತರು, ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ, "ಕಿವಿಯಲ್ಲಿ ಗುಂಯ್ ಅಂತ ಸದ್ದು ಬರ್ತಾ ಇದೆ. ಇದಕ್ಕೂ ಆ ಔಷಧಿಗೂ ಸಂಬಂಧ ಇದೆಯಾ?" ಎಂದು ಕೇಳಿದರು. ಇತ್ತು. ಸಿಸ್‌ಪ್ಲಾಟಿನ್ ಕಿವಿಯನ್ನು ಕೆಡಿಸುವುದುಂಟು. ಸಣ್ಣ ಗಂಟಿನ ಔಷಧಿಗೂ ಕಿವಿಗೂ ಏನು ಸಂಬಂಧ ಎಂದುಕೊಂಡು ಅವರು ಅಷ್ಟು ದಿನವೂ ಬಾಯಿ ಬಿಟ್ಟಿರಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ ಔಷಧಿ ಬದಲಾಯಿಸಿದರು. ಆಮೇಲಿನ ಪ್ರತಿ ಭೇಟಿಯಲ್ಲಿ ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂತು ಮಾತಾಡಿದ್ದು ಅವರೇ.

ಸತ್ಯ ನೋಯಿಸುವುದಿಲ್ಲ ಎಂದು ನಾನು ಹೇಳಲಾರೆ. ಆ ಎರಡು ದಿನದ ಅಳು ನಿಜವಾದದ್ದು. ಆದರೆ ಡಾಕ್ಟರುಗಳೂ ಔಷಧಿಯನ್ನು ಒಮ್ಮೆಗೇ ಸುರಿಯುವುದಿಲ್ಲ. ಅಳೆದು, ಹನಿಹನಿಯಾಗಿ, ಜೊತೆಗೆ ಬೇಕಾದಷ್ಟು ನೀರು ಕೊಟ್ಟು ಇಳಿಸುತ್ತಾರೆ. ಸತ್ಯವನ್ನೂ ಹಾಗೆ ಕೊಡಬಹುದು. ಇವತ್ತು ಕೇಳಿದಷ್ಟು, ನಾಳೆ ತಾಳುವಷ್ಟು, ಪಕ್ಕದಲ್ಲಿ ಕೈ ಹಿಡಿದು ಕೂತು. ನಿಧಾನವಾಗಿ ಕೊಡುವುದು ಬೇರೆ, ಕೊಡದೇ ಇರುವುದು ಬೇರೆ. ಕೆಲವರು ತಾವಾಗಿಯೇ, "ನನಗೆ ಹೇಳಬೇಡಿ, ನೀವೇ ನೋಡಿಕೊಳ್ಳಿ" ಎನ್ನುತ್ತಾರೆ. ಅದೂ ಅವರ ಹಕ್ಕು. ಅವರನ್ನು ಕೇಳದೆಯೇ ಆ ತೀರ್ಮಾನ ಮಾಡುವ ಹಕ್ಕು ಮಾತ್ರ ನಮಗಿಲ್ಲ.

ಆಲ್ಬುಮಿನ್ ಜೊತೆ ನಮ್ಮ ಹೋಲಿಕೆ ನಿಲ್ಲುವುದೂ ಇಲ್ಲಿಯೇ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಆ ಪ್ರೋಟೀನಿಗೆ ಇಲ್ಲ, ಗಂಧಕದ ಸ್ವಭಾವ ಅದನ್ನು ನಡೆಸುತ್ತದೆ. ನಮಗೆ ಆಯ್ಕೆ ಇದೆ. ಸೂಜಿ ಚುಚ್ಚಿಸಿಕೊಳ್ಳುವವಳು ಅವಳು. ಅವಳ ಪಾಲಿನ ಮಾತು ಅವಳಿಗೆ ಮುಟ್ಟಿತೇ ಎಂದು ಹಿಡಿದಿಟ್ಟ ನಾವೇ ನೋಡಿಕೊಳ್ಳಬೇಕು.