ನಾಚಿಕೆಯ ನರ

ಮನೆಗೆ ಬಂದವರಿಗೆ ನಾವು ಆಡುವ ಮೊದಲ ಮಾತು "ಕೂತುಕೊಳ್ಳಿ" ಎಂಬುದು. ನೀರು, ಕಾಫಿ, ಕುಶಲಪ್ರಶ್ನೆ ಎಲ್ಲವೂ ಅನಂತರ. ಕೂತವನು ಸುಖಿ, ನಿಂತವನು ಕಾಯುವವನು ಎಂಬುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. 'ಉಪನಿಷತ್' ಎಂಬ ಮಾತಿಗೇ ಬಳಿಯಲ್ಲಿ ಕುಳಿತುಕೊಳ್ಳುವುದೆಂದು ಅರ್ಥ ಹೇಳುತ್ತಾರೆ. ಹಾಗಾದರೆ ಕೂರಲಾರದ ಶಿಷ್ಯನ ಗತಿಯೇನು? ಈ ಸಂದೇಹ ನನ್ನಲ್ಲಿ ಹುಟ್ಟಿದ್ದು ಪಾಂಡಿತ್ಯದಿಂದಲ್ಲ; ನನಗೇ ಕೂರಲಾಗದೆ ಹೋದುದರಿಂದ.

ಎರಡು ವರ್ಷ ಈ ನೋವನ್ನು ಅನುಭವಿಸಿದೆ. ನಿಂತರೆ ಇಲ್ಲ, ಮಲಗಿದರೆ ಇಲ್ಲ. ಕುರ್ಚಿಯಲ್ಲಿ ಕೂತು ಕಾಲು ಗಂಟೆಯಾಯಿತೆಂದರೆ ಕೆಂಡದ ಮೇಲೆ ಕೂತಂತೆ. ಎಲ್ಲಿ ನೋವೆಂದು ಕೇಳಿದರೆ ನಾಲ್ಕು ಜನರ ಮುಂದೆ ಬೆರಳಿಟ್ಟು ತೋರಿಸತಕ್ಕ ಜಾಗವಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಎಂ.ಆರ್.ಐ.ಯಲ್ಲಿಯೂ ಕಾಣಲಿಲ್ಲ. ಒಬ್ಬರು ಮೂಲವ್ಯಾಧಿ ಇರಬಹುದೆಂದರು. ಇನ್ನೊಬ್ಬರು ಮನಸ್ಸಿಗೆ ಸ್ವಲ್ಪ ವಿಶ್ರಾಂತಿ ಕೊಡಿ ಎಂದರು. ಕೊನೆಗೆ ಒಬ್ಬ ವೈದ್ಯರು ಅದಕ್ಕೊಂದು ಹೆಸರು ಹೇಳಿದರು: ಪ್ಯುಡೆಂಡಲ್ ನರ.

ಬೆನ್ನುಮೂಳೆಯ ಕೊನೆಯಲ್ಲಿರುವ ತ್ರಿಕಾಸ್ಥಿಯ 2, 3 ಮತ್ತು 4ನೆಯ ನರಮೂಲಗಳಿಂದ ಹೊರಡುವ ಈ ನರ, ಎರಡು ಬಿಗಿಯಾದ ಕಟ್ಟುನಾರುಗಳ ನಡುವೆ ನುಸುಳಿ, ಒಂದು ಸಣ್ಣ ಸುರಂಗದೊಳಗಿಂದ ಹಾದು ಗುಹ್ಯಭಾಗಗಳನ್ನು ಸೇರುತ್ತದೆ. ಆ ಸಂದಿಯಲ್ಲಿ ನರ ಸಿಕ್ಕಿಕೊಂಡರೆ, ಕೂತಾಗಲೆಲ್ಲ ನೋವು. ಹೆಸರಿನ ಮೂಲವನ್ನು ಹುಡುಕಿ ನೋಡಿದೆ. ಲ್ಯಾಟಿನ್ ಭಾಷೆಯಲ್ಲಿ 'ಪುಡೆರೆ' ಎಂದರೆ ನಾಚಿಕೊಳ್ಳುವುದು. ಹೆಸರಿಟ್ಟವರು ನಾಚಿಕೆಪಡತಕ್ಕ ಅಂಗಗಳ ನರವೆಂದೇ ಹೆಸರಿಟ್ಟಿದ್ದಾರೆ. ನನ್ನ ಎರಡು ವರ್ಷದ ಕಥೆಯೆಲ್ಲ ಆ ಒಂದು ಶಬ್ದದಲ್ಲಿ ಅಡಗಿತ್ತು.

ಶಸ್ತ್ರಕ್ರಿಯೆಯಾಯಿತು. ಪೃಷ್ಠಭಾಗದಲ್ಲಿ ಕೊಯ್ದು, ಕಟ್ಟುನಾರನ್ನು ಬಿಡಿಸಿ, ನರಕ್ಕೆ ಜಾಗ ಮಾಡಿಕೊಟ್ಟರು. ಮರುದಿನವೇ ಗುಣವಾಗುವ ಕಾಯಿಲೆ ಇದಲ್ಲ. ಬಹುಕಾಲ ಅದುಮಿಸಿಕೊಂಡ ನರ ಬಿಡುಗಡೆಯಾದ ಮೇಲೂ ತಿಂಗಳುಗಟ್ಟಲೆ ಗೊಣಗುತ್ತಿರುತ್ತದೆ. ಮನೆಯಲ್ಲಿ ನಡುವೆ ತಗ್ಗಿರುವ ದಿಂಬಿನ ಮೇಲೆ ಐದು ನಿಮಿಷ ಕೂತು, ಆಮೇಲೆ ಎಂಟು ನಿಮಿಷ ಕೂತು, ಗಡಿಯಾರ ನೋಡಿಕೊಂಡು ಕೂರುವುದನ್ನು ಮಗುವಿನಂತೆ ಮತ್ತೆ ಕಲಿತೆ. ಮೂರು ತಿಂಗಳ ಮೇಲೆ ಕಛೇರಿಗೆ ಹೋಗುವ ದಿನ ಬಂದಿತು.

ಹಿಂದಿನ ರಾತ್ರಿ ನನ್ನ ಮನೆಯಾಕೆ, "ಏನಾಗಿತ್ತು ಅಂತ ಕೇಳಿದರೆ ಏನು ಹೇಳ್ತೀರಿ?" ಎಂದಳು.

"ಸೊಂಟದ ಡಿಸ್ಕು ಅಂತೀನಿ."

"ಅದೇ ಸರಿ. ಅದಾದರೆ ಎಲ್ಲರಿಗೂ ಗೊತ್ತು."

ಹಾಗೆಯೇ ಹೇಳಿದೆ. ಎಲ್ಲರೂ ನಂಬಿದರು, ಇಬ್ಬರು ಎಣ್ಣೆಯ ಹೆಸರನ್ನೂ ಸೂಚಿಸಿದರು. ನಾನಿಲ್ಲದಾಗ ನನ್ನ ಕೆಲಸ ನೋಡಿಕೊಳ್ಳುತ್ತಿದ್ದ ತರುಣ ಮಾತ್ರ ಏನಾಗಿತ್ತೆಂದು ಕೇಳಲೇ ಇಲ್ಲ. ನನ್ನ ಪತ್ರದಲ್ಲಿ 'ಸ್ವಲ್ಪ ಕಾಲ ನಿಂತು ಕೆಲಸ ಮಾಡಲು ಅನುಮತಿ' ಎಂದಿದ್ದುದನ್ನು ಓದಿ, "ಸರ್, ಮೇಜು ಎಷ್ಟು ಎತ್ತರ ಇರಬೇಕು?" ಎಂದ. ಅಷ್ಟೆ. ಮಧ್ಯಾಹ್ನದೊಳಗೆ ಎರಡು ಮರದ ಪೆಟ್ಟಿಗೆಗಳ ಮೇಲೆ ನನ್ನ ಮೇಜು ಏರಿ ನಿಂತಿತು. ಹೊರಗಿನಿಂದ ಬಂದವರೊಬ್ಬರು ನಿಂತಿದ್ದ ನನ್ನನ್ನು ಕಂಡು, "ಸಾಹೇಬರು ಎಷ್ಟು ಹೊತ್ತಿಗೆ ಬರುತ್ತಾರಪ್ಪ?" ಎಂದು ವಿಚಾರಿಸಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ತರುಣನ ಪ್ರಶ್ನೆ ನನ್ನನ್ನು ನಗಲು ಬಿಡಲಿಲ್ಲ.

ಏಕೆಂದರೆ ಹತ್ತು ವರ್ಷಗಳ ಹಿಂದೆ ಅದೇ ಮೇಜಿನ ಮುಂದೆ ಒಬ್ಬ ಹೆಣ್ಣುಮಗಳು ನಿಂತಿದ್ದರು. ಬಿಲ್ಲು ಸ್ವೀಕರಿಸುವ ಕೌಂಟರಿನಲ್ಲಿ ಅವರ ಕೆಲಸ. ದಿನವಿಡೀ ಕೂರುವುದು ಆಗುತ್ತಿಲ್ಲ, ದಾಖಲೆ ಕೋಣೆಗೆ ಹಾಕಿಕೊಡಿ ಎಂದು ಅರ್ಜಿ. ಕಾರಣವೇನೆಂದು ಕೇಳಿದೆ. "ಆರೋಗ್ಯ ಸರಿಯಿಲ್ಲ ಸರ್" ಎಂದರು. "ಏನಾಗಿದೆ? ಸ್ಪಷ್ಟವಾಗಿ ಬರೆದುಕೊಡಿ" ಎಂದೆ. ಅವರು ಮೇಜಿನ ಗಾಜನ್ನೇ ನೋಡುತ್ತ ನಿಂತರು. ಬಾಯಿ ಬಿಡಲಿಲ್ಲ. ನಾನು ಅರ್ಜಿಯ ಅಂಚಿನಲ್ಲಿ 'ಕಾರಣ ಅಸ್ಪಷ್ಟ. ಪರಿಗಣಿಸಲಾಗದು' ಎಂದು ಬರೆದು ರುಜು ಮಾಡಿದೆ. ನಾಲ್ಕು ತಿಂಗಳಿಗೆ ಅವರು ಕೆಲಸ ಬಿಟ್ಟುಹೋದರು.

ಅವರಿಗೂ ನನ್ನ ಕಾಯಿಲೆಯೇ ಇತ್ತೆಂದು ನಾನು ಹೇಳುತ್ತಿಲ್ಲ. ಏನಿತ್ತೋ ನನಗೆ ತಿಳಿಯದು, ತಿಳಿಯುವ ಹಕ್ಕೂ ನನಗಿಲ್ಲ. ಕೌಂಟರು ಬೇಸರವಾಗಿ ನೆವ ಹೂಡಿದ್ದರೆಂದೇ ಇಟ್ಟುಕೊಳ್ಳೋಣ. ಆದರೂ ಒಂದು ಲೆಕ್ಕ ಉಳಿಯುತ್ತದೆ. ಯಾರೂ ಒತ್ತಾಯಿಸದಿದ್ದರೂ ನಾನು ಡಿಸ್ಕು ಎಂದು ಸುಳ್ಳು ಹೇಳಿದೆ. ಒತ್ತಿ ಕೇಳಿದರೂ ಅವರು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದರು. ಒಂದು ಡಿಸ್ಕಿನ ಹೆಸರು ಹೇಳಿದ್ದರೆ ನಾನು ಮರುಮಾತಿಲ್ಲದೆ ಒಪ್ಪುತ್ತಿದ್ದೆ. ಸುಳ್ಳಿಗೆ ಮನ್ನಣೆ, ಮೌನಕ್ಕೆ ಶಿಕ್ಷೆ. ಇದು ನಾನು ನಡೆಸಿದ ನ್ಯಾಯ.

ವಾಚಕರು ಕೇಳಬಹುದು: ಕಾರಣ ಕೇಳದೆ ಕಛೇರಿ ನಡೆದೀತೆ? ಹೇಳಿದ್ದೆಲ್ಲ ನಂಬಿದರೆ ಮೈಗಳ್ಳರಿಗೆ ಹಬ್ಬವಲ್ಲವೆ? ಪ್ರಶ್ನೆ ನ್ಯಾಯವಾದದ್ದೇ. ನಾನೂ ಮೂವತ್ತು ವರ್ಷ ಅದೇ ವಾದದ ಮೇಲೆ ಆಡಳಿತ ನಡೆಸಿದವನು. ಆದರೆ ಪ್ರಮಾಣವನ್ನು ನಮಗಿಂತ ಕಟ್ಟುನಿಟ್ಟಾಗಿ ಕೇಳುವ ವೈದ್ಯಶಾಸ್ತ್ರ ಏನು ಮಾಡಿದೆ ನೋಡಿ. ಈ ಕಾಯಿಲೆಯನ್ನು ಗುರುತಿಸಲು ಫ್ರಾನ್ಸಿನ ನಾಂಟ್ ನಗರದ ವೈದ್ಯರು ಐದು ಲಕ್ಷಣಗಳನ್ನು ಗೊತ್ತುಮಾಡಿದ್ದಾರೆ. ಅವು 2008ರಲ್ಲಿ ಪ್ರಕಟವಾದವು. ನೋವು ಆ ನರದ ವ್ಯಾಪ್ತಿಯಲ್ಲಿರಬೇಕು, ಕೂತಾಗ ಹೆಚ್ಚಬೇಕು, ರಾತ್ರಿ ನಿದ್ದೆಯಿಂದ ಎಬ್ಬಿಸಬಾರದು. ಈ ಮೂರೂ ರೋಗಿಯ ಬಾಯಿಂದಲೇ ಬರತಕ್ಕವು. ಪರೀಕ್ಷಿಸಿದರೆ ಸ್ಪರ್ಶಜ್ಞಾನ ಕೆಟ್ಟಿರಬಾರದು ಎಂಬುದು ನಾಲ್ಕನೆಯದು. ಮರಗಟ್ಟಿಸುವ ಸೂಜಿಮದ್ದು ಕೊಟ್ಟರೆ ನೋವು ಇಳಿಯಬೇಕು ಎಂಬುದು ಐದನೆಯದು. ಇಳಿಯಿತೆಂದು ಹೇಳಬೇಕಾದವನೂ ರೋಗಿಯೇ. ಅದೇ ನಗರದಲ್ಲಿ 32 ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಶಸ್ತ್ರಕ್ರಿಯೆ ಮಾಡಿ ನೋಡಿದ ಪರೀಕ್ಷೆಯ ಫಲ 2005ರಲ್ಲಿ ಹೊರಬಂದಿತು. ಒಂದು ವರ್ಷದ ಮೇಲೆ ಶಸ್ತ್ರಕ್ರಿಯೆಯಾದವರಲ್ಲಿ ನೂರಕ್ಕೆ ಸುಮಾರು 71ರಂತೆ ಸುಧಾರಿಸಿದ್ದರು. ಆಗದವರಲ್ಲಿ ಸುಮಾರು 13ರಂತೆ. ಸುಧಾರಿಸಿತೆಂದು ತಿಳಿದದ್ದು ಹೇಗೆ? ಅವರನ್ನೇ ಕೇಳಿ. ನೋವನ್ನು ತೂಗುವ ತಕ್ಕಡಿ ಬೇರೆ ಇಲ್ಲ.

ಮೋಸಗಾರನೊಬ್ಬ ನನ್ನನ್ನು ವಂಚಿಸಿದರೆ ನನಗಾಗುವ ನಷ್ಟ ಒಂದು ಮರದ ಪೆಟ್ಟಿಗೆ, ಒಂದಷ್ಟು ಗಂಟೆಗಳ ಕೆಲಸ. ನಿಜ ಹೇಳುವವರೊಬ್ಬರನ್ನು ನಾನು ನಂಬದೆ ಹೋದರೆ ಅವರಿಗಾಗುವ ನಷ್ಟ ಒಂದು ಜೀವನೋಪಾಯ. ಎರಡು ತಪ್ಪುಗಳಲ್ಲಿ ಒಂದನ್ನು ಮಾಡಲೇಬೇಕಾಗಿ ಬಂದರೆ ಯಾವುದನ್ನು ಆರಿಸಬೇಕೆಂಬುದು ಈಗ ನನಗೆ ಕಷ್ಟದ ಪ್ರಶ್ನೆಯಾಗಿ ತೋರುವುದಿಲ್ಲ. 'ಏನಾಗಿದೆ?' ಎಂದು ಕೇಳಿದರೆ ಉತ್ತರ ನಾಚಿಕೆಯ ಬಾಗಿಲನ್ನು ದಾಟಿ ಬರಬೇಕು. 'ಏನು ಬೇಕು?' ಎಂದು ಕೇಳಿದರೆ ಆ ಬಾಗಿಲನ್ನು ಮುಟ್ಟದೆಯೇ ಕೆಲಸವಾಗುತ್ತದೆ. ನನ್ನ ವಯಸ್ಸಿನ ಅರ್ಧದಷ್ಟೂ ಇಲ್ಲದ ಹುಡುಗನಿಗೆ ಇದು ತಿಳಿದಿತ್ತು.

ಈಗ ನಲವತ್ತು ನಿಮಿಷ ಕೂರಬಲ್ಲೆ. ಈ ಲೇಖನವನ್ನು ಅರ್ಧ ಕೂತು, ಅರ್ಧ ನಿಂತು ಬರೆದಿದ್ದೇನೆ. ಡಿಸ್ಕು ಎಂದು ನಂಬಿದ್ದ ಸಹೋದ್ಯೋಗಿಗಳು ಇದನ್ನು ಓದಿದರೆ ಓದಲಿ. ಆ ಹೆಣ್ಣುಮಗಳು ಈಗ ಎಲ್ಲಿದ್ದಾರೋ ಅರಿಯೆ. ಮೊನ್ನೆ ದಾಖಲೆ ಕೋಣೆಗೆ ಹೋಗಿ ಆ ಅರ್ಜಿಯನ್ನು ತೆಗೆಸಿ ನೋಡಿದೆ. ಕಾಗದ ಹಳದಿಯಾಗಿದೆ, ಅಂಚಿನಲ್ಲಿ ನನ್ನ ಅಕ್ಷರ ಮಾತ್ರ ಚೆನ್ನಾಗಿ ಕಾಣುತ್ತಿದೆ. ತಿದ್ದಲು ನಿಯಮವಿಲ್ಲ. ಮತ್ತೆ ಕಟ್ಟಿ ಇಟ್ಟು ಬಂದೆ.