ಜೇನಿನ ಋಣ ಯಾವ ಖಾತೆಯಲ್ಲಿ?



ಏರ್ಕಾಡ್ ಬೆಟ್ಟದ ತಪ್ಪಲಿನಲ್ಲಿ ನಮ್ಮ ಮಠಕ್ಕೆ ಸೇರಿದ ಚಿಕ್ಕದೊಂದು ಮಾವಿನ ತೋಪು ಇರುವುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಅದರ ಫಸಲಿನ ಹಣ ದಾಸೋಹದ ಖಾತೆಗೆ ಜಮಾ ಆಗುತ್ತದೆ. ಎರಡು ವರ್ಷಗಳ ಹಿಂದೆ ಮರಗಳು ಮೈತುಂಬ ಹೂ ಬಿಟ್ಟಿದ್ದಾಗ ಜಿಗಿಹುಳುವಿನ ಕಾಟ ಕಾಣಿಸಿಕೊಂಡಿತು. ನಾವು ಹೆಚ್ಚು ಯೋಚಿಸಲಿಲ್ಲ. ಪೇಟೆಯ ಅಂಗಡಿಯಿಂದ ಔಷಧಿ ತರಿಸಿ, ಕೂಲಿಯವರನ್ನು ಕರೆಸಿ, ಬೆಳಿಗ್ಗೆ ಒಂಬತ್ತರ ಬಿಸಿಲಿನಲ್ಲಿ ಸಿಂಪಡಿಸಿಸಿದೆವು. ಮರುದಿನ ತೋಪಿಗೆ ಹೋದಾಗ ಮರಗಳ ಬುಡದಲ್ಲಿ ಹೆಜ್ಜೇನಿನ ಹುಳುಗಳು ರಾಶಿ ಬಿದ್ದಿದ್ದವು. ಕೆಲವು ಇನ್ನೂ ಕಾಲು ಆಡಿಸುತ್ತಿದ್ದವು. ಪಕ್ಕದವರ ಹೊಲದ ದೊಡ್ಡ ಹುಣಸೆ ಮರದಲ್ಲಿ ತೂಗುತ್ತಿದ್ದ ನಾಲ್ಕು ಹುಟ್ಟುಗಳಲ್ಲಿ ಮೂರು ಒಂದು ವಾರದೊಳಗೆ ಬರಿದಾದವು.

ಪ್ರತಿ ವರ್ಷ ಆ ಮರದ ಜೇನು ಇಳಿಸಲು ಬೆಟ್ಟದಿಂದ ಮಲಯಾಳಿ ಗಿರಿಜನರ ಹಿರಿಯರೊಬ್ಬರು ಬರುತ್ತಾರೆ. ಮಠಕ್ಕೂ ಒಂದು ಬಾಟಲಿ ಜೇನು ಕೊಟ್ಟು ಹೋಗುವುದು ಅವರ ವಾಡಿಕೆ. ಆ ವರ್ಷ ಬರಿಗೈಯಲ್ಲಿ ಬಂದು ಜಗಲಿಯ ಮೇಲೆ ಕುಳಿತರು. ಕೋಪ ಮಾಡಲಿಲ್ಲ. ತಮಿಳಿನಲ್ಲಿ ಒಂದೇ ಮಾತು ಹೇಳಿದರು: ‘ಸಾಮಿ, ಅವು ನಿಮ್ಮ ತೋಪಿಗೆ ಕೂಲಿ ಕೇಳದೆ ಕೆಲಸಕ್ಕೆ ಬಂದಿದ್ದವು.’

ಆ ಮಾತು ನಮ್ಮನ್ನು ಬಿಡಲಿಲ್ಲ. ಆದುದರಿಂದಲೇ ಈ ಲೇಖನ.

ತಪ್ಪು ಯಾರದು ಎಂದು ಮೊದಲು ವಿಚಾರಿಸಿದೆವು. ಸಿಂಪಡಿಸಿದವರು ಹೇಳಿದರು: ‘ನೀವು ಹೇಳಿದ್ದನ್ನು ಮಾಡಿದೆವು.’ ಅಂಗಡಿಯವರು ಹೇಳಿದರು: ‘ನೀವು ಕೇಳಿದ್ದನ್ನು ಕೊಟ್ಟೆವು.’ ನಾವು ನಮಗೇ ಹೇಳಿಕೊಂಡೆವು: ‘ದಾಸೋಹದ ಫಸಲನ್ನು ಉಳಿಸಿಕೊಳ್ಳಲು ಮಾಡಿದೆವು.’ ಮೂವರ ಮಾತಿನಲ್ಲೂ ಸುಳ್ಳಿಲ್ಲ. ಮೂವರಿಗೂ ಜೇನಿನ ಮೇಲೆ ದ್ವೇಷವಿಲ್ಲ. ಆದರೂ ಸಾವು ಆಗಿದೆ. ಉದ್ದೇಶವಿಲ್ಲದೆ ಆದ ಕೇಡು ಪಾಪವೋ ಅಲ್ಲವೋ? ಇದು ಹಳೆಯ ಪ್ರಶ್ನೆ. ನಮಗೆ ತೋಚಿದ ಉತ್ತರ ಇಷ್ಟು: ತಿಳಿಯದೆ ಆದ ಮೊದಲ ಸಲದ್ದು ಅಜ್ಞಾನ. ಬುಡದಲ್ಲಿ ಬಿದ್ದ ಹುಳುಗಳನ್ನು ಕಣ್ಣಾರೆ ಕಂಡ ಮೇಲೂ ಮಾಡುವ ಎರಡನೆಯ ಸಲದ್ದಕ್ಕೆ ಆ ಹೆಸರು ಸಲ್ಲದು.

ಅಜ್ಞಾನವೂ ಪೂರ್ತಿ ನಿರ್ದೋಷಿಯಲ್ಲ. ನಾವು ಇದನ್ನು ಕನ್ನಡದಲ್ಲಿ ‘ಔಷಧಿ’ ಎನ್ನುತ್ತೇವೆ. ನಮ್ಮ ನೆರೆಯ ತಮಿಳು ರೈತರು ‘ಮರುಂದು’ ಎನ್ನುತ್ತಾರೆ. ಎರಡಕ್ಕೂ ಅರ್ಥ ಒಂದೇ, ರೋಗ ವಾಸಿಮಾಡುವ ವಸ್ತು. ವಿಷಕ್ಕೆ ಔಷಧಿ ಎಂಬ ಹೆಸರಿಟ್ಟ ಮೇಲೆ ಕೈ ಹಿಂಜರಿಯುವುದಿಲ್ಲ. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನದ ಗುರುತು ಇರುತ್ತದೆ. ನೀಲಿ, ಹಸಿರು ಎಂದರೆ ಅಷ್ಟು ಅಪಾಯವಿಲ್ಲವೆಂದು ನಾವೂ ನಂಬಿದ್ದೆವು. ಆದರೆ ಆ ಬಣ್ಣಗಳು ತಿಳಿಸುವುದು ಮನುಷ್ಯನಂಥ ಸಸ್ತನಿಗಳಿಗೆ ವಿಷ ಎಷ್ಟು ತೀವ್ರ ಎಂಬುದನ್ನು. ಜೇನಿಗೆ ಎಷ್ಟು ತೀವ್ರ ಎಂಬುದನ್ನು ಆ ಬಣ್ಣ ಹೇಳುವುದಿಲ್ಲ. ನಮಗೆ ಸೌಮ್ಯವೆನಿಸಿದ್ದು ಅದಕ್ಕೆ ಮೃತ್ಯುವಾಗಬಹುದು.

ನಾವು ಓದಿದ್ದು ವಾಣಿಜ್ಯಶಾಸ್ತ್ರ. ಮಠದ ಜಮಾ-ಖರ್ಚು ಬರೆಯುವುದು ನಮ್ಮ ಕಾಯಕ. ಆ ವರ್ಷದ ತೋಪಿನ ಲೆಕ್ಕ ತೆಗೆದು ನೋಡಿದೆವು. ಔಷಧಿಯ ಬೆಲೆ, ಪಂಪಿನ ಬಾಡಿಗೆ, ಕೂಲಿ, ಸಾಗಾಟ ಎಲ್ಲವೂ ಖರ್ಚಿನಲ್ಲಿ ಇದ್ದವು. ಹೂವಿನಿಂದ ಹೂವಿಗೆ ಪರಾಗ ಹೊತ್ತ ಜೇನು, ನೊಣ, ದುಂಬಿಗಳಿಗೆ ಒಂದು ಸಾಲೂ ಇರಲಿಲ್ಲ. ಕೂಲಿ ಕೊಡಬೇಕಾಗಿಲ್ಲ, ಆದುದರಿಂದ ಲೆಕ್ಕವಿಲ್ಲ. ಲೆಕ್ಕವಿಲ್ಲ, ಆದುದರಿಂದ ಬೆಲೆಯಿಲ್ಲ. ಇದೇ ನಾವೆಲ್ಲರೂ ಮಾಡುತ್ತಿರುವ ತಪ್ಪು. ಪುಸ್ತಕದಲ್ಲಿ ಬರೆಯದ ಸಾಲವೂ ಸಾಲವೇ ಎಂಬುದು ಯಾವ ವ್ಯಾಪಾರಿಗೆ ತಿಳಿಯದು?

ಆ ಕೆಲಸ ಸಣ್ಣದೇನಲ್ಲ. ಕುಂಬಳ, ಸೋರೆ, ಹೀರೆ, ಹಾಗಲ ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹುಳು ಬಾರದಿದ್ದರೆ ಹೀಚು ಕಟ್ಟದೆ ಉದುರುತ್ತದೆ. ಕಾಫಿಯಲ್ಲಿ ಏರ್ಕಾಡಿನವರು ಹೆಚ್ಚಾಗಿ ಬೆಳೆಯುವ ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಆದರೆ ಕೊಡಗಿನಲ್ಲಿ ಹೇರಳವಾಗಿರುವ ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಜೇನು ಬಂದ ತೋಟದಲ್ಲಿ ಕಾಯಿ ಹೆಚ್ಚು ನಿಲ್ಲುವುದೆಂದು ಅಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಚೀನಾದ ಸಿಚುವಾನ್ ಪ್ರಾಂತದ ಹಾನ್‌ಯುವಾನ್ ಎಂಬಲ್ಲಿ ಪೇರು ಹಣ್ಣಿನ ತೋಟಗಳಲ್ಲಿ ಜನರೇ ಮರ ಹತ್ತಿ, ಕೋಲಿನ ತುದಿಗೆ ಕಟ್ಟಿದ ಗರಿಗಳಿಂದ ಹೂ ಹೂವಿಗೆ ಪರಾಗ ಸವರುವ ಪದ್ಧತಿ ಬೆಳೆಯಿತು. ವಿಷದ ಅತಿಬಳಕೆ ಅದಕ್ಕೆ ಒಂದು ಕಾರಣವೆಂದು ಹೇಳುತ್ತಾರೆ. ಜೇನು ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ಕೂಲಿ ಎಷ್ಟೆಂದು ಅಲ್ಲಿಯ ರೈತರಿಗೆ ಗೊತ್ತು.

ಇಲ್ಲಿ ಒಬ್ಬರು ಕೇಳಬಹುದು: ‘ನನ್ನ ಹೊಲ, ನನ್ನ ಹಣ, ನನ್ನ ಬೆಳೆ. ನಾನು ಏನು ಸಿಂಪಡಿಸಿದರೆ ಯಾರಿಗೇನು?’ ಬೇಲಿ ಹಾಕಿದ ಆಸ್ತಿಯ ಮಟ್ಟಿಗೆ ಈ ಮಾತು ನಡೆಯುತ್ತದೆ. ಆದರೆ ಹೆಜ್ಜೇನು ಮೇವಿಗಾಗಿ ಮೈಲಿಗಟ್ಟಲೆ ಹೋಗಿಬರುತ್ತದೆ. ಅದಕ್ಕೆ ನಮ್ಮ ಸರ್ವೆ ನಂಬರು ತಿಳಿಯದು. ಹುಣಸೆ ಮರ ಪಕ್ಕದವರದು, ಹೂವು ಮಠದ್ದು, ಜೇನು ಇಳಿಸುವವರು ಬೆಟ್ಟದವರು, ಅದೇ ಹುಳು ಕಾಯಿ ಕಟ್ಟಿಸುತ್ತಿದ್ದ ಕುಂಬಳದ ಬಳ್ಳಿ ಇನ್ನೊಬ್ಬ ಬಡ ರೈತನದು. ನಾವು ನಮ್ಮ ತೋಪಿನಲ್ಲಿ ಸಿಂಪಡಿಸಿದ್ದು ಈ ಎಲ್ಲರ ಪಾಲಿನ ಮೇಲೆ ಬಿತ್ತು. ಅವರಲ್ಲಿ ಒಬ್ಬರನ್ನೂ ನಾವು ಕೇಳಿರಲಿಲ್ಲ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಒಬ್ಬ ರೈತ ಮಾತ್ರ ಒಳ್ಳೆಯವನಾದರೆ ಸಾಲದು. ನಾವು ಕೈ ತಡೆದರೂ ನೆರೆಯವರು ಸಿಂಪಡಿಸಿದರೆ ಜೇನು ಉಳಿಯದು. ಒಬ್ಬರಿಂದ ಸಾಧ್ಯವಾಗದ್ದಕ್ಕೆ ಎಲ್ಲರಿಗೂ ಒಂದೇ ಕಟ್ಟಳೆ ಬೇಕು. ಊರ ಕೆರೆಯ ನೀರಿಗೆ ಸರದಿ ಇರುವುದು ಈ ಕಾರಣಕ್ಕಾಗಿಯೇ ಅಲ್ಲವೇ?

ಕಟ್ಟಳೆ ತಡವಾದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮಂತೆಯೇ ಗಡಿನಾಡಿನ ಕನ್ನಡಿಗರಿರುವ ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಲಾಯಿತು. ಗೇರಿಗೆ ಬರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲುವುದು ಉದ್ದೇಶ. ಆ ವಿಷ ಜೇನಿನ ಮಟ್ಟಿಗೆ ಸೌಮ್ಯವೆಂದು ತಯಾರಕರು ಹೇಳುತ್ತಿದ್ದರು. ಜೇನು ಕಾಣೆಯಾಯಿತು, ಮೀನು ಕಪ್ಪೆ ಸತ್ತವು ಎಂದು ಅಲ್ಲಿಯ ರೈತರು ಹೇಳಿಕೊಂಡರು. ಹುಳು ಹುಪ್ಪಟೆಯ ಮಾತೆಂದು ಯಾರೂ ಲಕ್ಷ್ಯ ಕೊಡಲಿಲ್ಲ. ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದ ಪತ್ರಕರ್ತ, ಕೃಷಿಕ ಶ್ರೀ ಪಡ್ರೆಯವರು ಅಂಗವಿಕಲವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಬರೆದರು. ಅದೇ ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಅವರು ಮನುಷ್ಯರ ಕಾಯಿಲೆಗಳನ್ನು ಗುರುತಿಸಿ ದನಿಯೆತ್ತಿದರು. ಕೃಷಿ ಅಧಿಕಾರಿಯಾಗಿದ್ದ ಲೀಲಾಕುಮಾರಿ ಅಮ್ಮ ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಹಿಡಿಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಹಣದಿಂದ ಮಕ್ಕಳ ಆರೋಗ್ಯ ಮರಳಿ ಬರಲಿಲ್ಲ. ಸಣ್ಣ ಜೀವಿಗಳ ಸಾವಿಗೆ ಆಗಲೇ ಕಿವಿಗೊಟ್ಟಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವೋ!

ನಮ್ಮ ಕಾನೂನು ಈಗ ಏನು ಹೇಳುತ್ತದೆ? 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಒಂದು ವಿಷವನ್ನು ಶಾಶ್ವತವಾಗಿ ನಿಷೇಧಿಸುವ ಅಧಿಕಾರ ಕೇಂದ್ರದ್ದು. ರಾಜ್ಯ ಸರ್ಕಾರವು ಮಾರಾಟವನ್ನು 60 ದಿನ, ಬೇಕಾದರೆ ಇನ್ನೂ 30 ದಿನ ಮಾತ್ರ ತಡೆಯಬಹುದು. 2023ರ ಆರಂಭದಲ್ಲಿ ತಮಿಳುನಾಡು ಸರ್ಕಾರವು ಮೊನೊಕ್ರೊಟೊಫಾಸ್, ಕ್ಲೋರೊಪೈರಿಫಾಸ್ ಸೇರಿ ಆರು ಕೀಟನಾಶಕಗಳನ್ನು ಹೀಗೆ 60 ದಿನ ತಡೆಯಿತು. ವಿಷ ಕುಡಿದು ಪ್ರಾಣ ಕಳೆದುಕೊಳ್ಳುವವರನ್ನು ಉಳಿಸಬೇಕೆಂಬುದು ಅದರ ಕಾರಣ, ಒಳ್ಳೆಯ ಕಾರಣವೇ. ಅದೇ ವರ್ಷ ಕೇಂದ್ರವು 36 ಪ್ರತಿಶತದ ಮೊನೊಕ್ರೊಟೊಫಾಸ್ ದ್ರಾವಣವನ್ನು ನಿಲ್ಲಿಸುವ ಆದೇಶ ಹೊರಡಿಸಿತು. ಯುರೋಪಿನ ದೇಶಗಳಾದರೋ ಜೇನಿನ ಸಲುವಾಗಿಯೇ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಕ್ಲೋಥಿಯಾನಿಡಿನ್ ಎಂಬ ಮೂರನ್ನು ಬಯಲಿನಲ್ಲಿ ಬಳಸಬಾರದೆಂದು 2018ರಲ್ಲಿ ಕಟ್ಟು ಹಾಕಿದವು. ಇವು ಗಿಡದ ರಸದಲ್ಲಿ ಸೇರಿ ಹೂವಿನ ಮಕರಂದಕ್ಕೂ ಹೋಗುತ್ತವೆ. ಆದುದರಿಂದ ಸಂಜೆ ಸಿಂಪಡಿಸಿದ ಮಾತ್ರಕ್ಕೆ ಇವುಗಳ ದೋಷ ತೀರದು. ನಮ್ಮ ಮಾವಿನ ತೋಪುಗಳಲ್ಲಿ ಇವೇ ಹೆಸರುಗಳು ಓಡಾಡುತ್ತಿರುವುದು ನಿಮಗೂ ಗೊತ್ತಿದೆ.

ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಒಬ್ಬ ಭಕ್ತರು ನಮ್ಮ ಮುಖಕ್ಕೇ ಹೇಳಿದರು: ‘ನೀವು ಮಠದಲ್ಲಿ ಕುಳಿತು ದಯೆಯ ಮಾತಾಡುತ್ತೀರಿ. ನನಗೆ ಸೊಸೈಟಿಯ ಸಾಲವಿದೆ. ಹೂವು ಕರಗಿಹೋದರೆ ಕಂತು ಯಾರು ಕಟ್ಟುತ್ತಾರೆ?’ ಈ ಮಾತಿಗೆ ನಾವು ತಲೆಬಾಗಿದೆವು. ಮಠದ ಅನ್ನವೂ ಅವರ ಹೊಲದಿಂದಲೇ ಬರುವುದು. ಜೇನು ಕಡಿಮೆಯಾದುದಕ್ಕೆಲ್ಲ ವಿಷವೊಂದೇ ಕಾರಣವೆಂದೂ ನಾವು ಹೇಳುವುದಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ದಕ್ಷಿಣ ಭಾರತದ ಪೆಟ್ಟಿಗೆ ಜೇನುಗಳೆಲ್ಲ ಬಹುಪಾಲು ನಾಶವಾದವು. ಅದು ವೈರಸ್ಸಿನ ಕೆಲಸ. ಆದರೆ ರೋಗ ನಮ್ಮ ಕೈಯಲ್ಲಿಲ್ಲ, ಪಂಪು ನಮ್ಮ ಕೈಯಲ್ಲಿದೆ. ಕೈಯಲ್ಲಿರುವುದಕ್ಕೆ ನಾವು ಉತ್ತರ ಕೊಡಬೇಕು.

ಸಾಲಗಾರ ರೈತನಿಗೆ ನಮ್ಮ ಉತ್ತರ ಇಷ್ಟೇ. ಕೀಟನಾಶಕವನ್ನು ಮುಟ್ಟಲೇಬೇಡಿ ಎಂದು ನಾವು ಹೇಳುತ್ತಿಲ್ಲ. ಮಾವಿನ ಹೂಗೊಂಚಲು ಹೊರಡುವಾಗಲೇ ಹುಳು ಇದೆಯೇ ನೋಡಿ, ಇದ್ದರೆ ಹೂ ಅರಳುವ ಮೊದಲೇ ಸಿಂಪಡಿಸಬಹುದು. ಕಾಯಿ ಕಟ್ಟಿದ ಮೇಲೆ ಬೇಕಾದರೆ ಮತ್ತೊಮ್ಮೆ ನೋಡಬಹುದು. ಪೂರ್ತಿ ಅರಳಿದ ಹೂವಿನ ಮೇಲೆ ಮಾತ್ರ ಬೇಡ. ಅದರಿಂದ ಜೇನೂ ಉಳಿಯುತ್ತದೆ, ಕಾಯಿಯೂ ನಿಲ್ಲುತ್ತದೆ. ಅಂದರೆ ಈ ವಿಷಯದಲ್ಲಿ ಧರ್ಮ ಒಂದು ಕಡೆ, ಲಾಭ ಇನ್ನೊಂದು ಕಡೆ ಇಲ್ಲ. ಹಾಗೆ ಕಾಣುವುದು ಅವಸರದಿಂದ.

ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಕಾಯಕ ಎಂದರೆ ಬರೀ ದುಡಿಮೆಯಲ್ಲ, ಶುದ್ಧವಾದ ದುಡಿಮೆ ಎಂದು ನಾವೆಲ್ಲ ಮಕ್ಕಳಿಗೆ ಹೇಳಿಕೊಡುತ್ತೇವೆ. ಗಿರಾಕಿ ಬಂದು ‘ಜೋರಾಗಿರುವುದನ್ನು ಕೊಡಿ’ ಎಂದಾಗ ‘ಬೆಳೆ ಯಾವುದು? ಹೂ ಬಿಟ್ಟಿದೆಯೇ?’ ಎಂದು ಎರಡು ಪ್ರಶ್ನೆ ಕೇಳಿದರೆ ಗಲ್ಲಾ ಪೆಟ್ಟಿಗೆಗೆ ಏನೂ ಕಡಿಮೆಯಾಗದು. ನಿಷೇಧವಾದ ಹಳೆಯ ಸರಕನ್ನು ಹಿಂಬಾಗಿಲಿನಿಂದ ಕೊಡುವುದು ಮಾತ್ರ ಯಾವ ಲೆಕ್ಕದಲ್ಲೂ ಕಾಯಕವಲ್ಲ.

ನಮ್ಮ ಮಟ್ಟಿಗೆ, ಹೂವಿನ ಕಾಲದಲ್ಲಿ ತೋಪಿಗೆ ಸಿಂಪಡಿಸುವುದಿಲ್ಲವೆಂದು ಆಡಳಿತ ಸಮಿತಿಯಲ್ಲಿ ನಿರ್ಣಯ ಬರೆದಿದ್ದೇವೆ. ಕಳೆದ ವರ್ಷ ಜಿಗಿಹುಳುವಿನಿಂದ ಸ್ವಲ್ಪ ನಷ್ಟವಾಯಿತು. ಅದನ್ನೂ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದೇವೆ, ಯಾರು ಬೇಕಾದರೂ ನೋಡಬಹುದು. ಸುತ್ತಲಿನ ತೋಪಿನವರೊಂದಿಗೆ ಕುಳಿತು ಎಲ್ಲರೂ ಒಂದೇ ಕಟ್ಟಳೆಗೆ ಬರುವಂತೆ ಕೇಳಿಕೊಂಡಿದ್ದೇವೆ. ಕೆಲವರು ಒಪ್ಪಿದ್ದಾರೆ, ಕೆಲವರು ನೋಡೋಣ ಎಂದಿದ್ದಾರೆ.

ಹೆಜ್ಜೇನು ವರ್ಷ ವರ್ಷವೂ ಅದೇ ಮರವನ್ನು ಹುಡುಕಿಕೊಂಡು ಬರುವ ಜೀವ. ಈ ಸಲ ಹುಣಸೆ ಮರದಲ್ಲಿ ಎರಡು ಹುಟ್ಟು ಕಟ್ಟಿವೆ. ಮೊದಲಿದ್ದುದರ ಅರ್ಧ. ಬೆಟ್ಟದ ಹಿರಿಯರು ಬಂದು ನೋಡಿ, ಈ ವರ್ಷ ಇಳಿಸುವುದು ಬೇಡ, ಬೆಳೆಯಲಿ ಎಂದು ಹೇಳಿ ಹೋದರು. ಅವರಿಗೆ ಆದ ನಷ್ಟಕ್ಕೆ ಮಠದಿಂದ ಏನಾದರೂ ಕೊಡಲು ಹೋದೆವು, ತೆಗೆದುಕೊಳ್ಳಲಿಲ್ಲ. ಆ ಬಾಕಿ ನಮ್ಮ ಹೆಸರಿನಲ್ಲಿ ಹಾಗೆಯೇ ಉಳಿದಿದೆ.