ಅಟ್ಟದ ಬೂಷ್ಟಿಗೆ ಶಾಂತಿಹೋಮ ಮಾಡಿಸಬೇಕೆ?

ಪ್ರಶ್ನೆ: ಬಸವನಗುಡಿಯಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಕೊಳ್ಳುವ ಮಾತು ನಡೆದಿದೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ಅಟ್ಟ ಹತ್ತಿ ನೋಡಿದಾಗ ತೊಲೆ, ಹಲಗೆಗಳ ಮೇಲೆಲ್ಲ ಕಪ್ಪು ಬೂಷ್ಟು ಕಂಡಿತು. ಇದು ಪಿತೃದೋಷದ ಸೂಚನೆ, ಶಾಂತಿ ಮಾಡಿಸಿದರೆ ಹೋಗುತ್ತೆ ಅಂತ ಪರಿಚಿತರೊಬ್ಬರು ಹೇಳಿದರು. ಬ್ರೋಕರ್ ಮಾತ್ರ, "ಯಾರಾದರೂ ಶಾಸ್ತ್ರಿಗಳಿಂದ ವಾಸ್ತುದೋಷ ಅಂತ ಹೇಳಿಸಿ, ಬೆಲೆ ಇಳಿಸೋಣ" ಅನ್ನುತ್ತಾರೆ. ಮಾರುತ್ತಿರುವವರು ಒಂಟಿಯಾಗಿರುವ ವೃದ್ಧೆ. ನಮ್ಮ ಅತ್ತೆಯವರಿಗೆ ಉಬ್ಬಸವಿದೆ. ನಾವೇನು ಮಾಡಬೇಕು?
– ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಮರದ ಶುದ್ಧಿಯದು, ಇನ್ನೊಂದು ವ್ಯವಹಾರದ ಶುದ್ಧಿಯದು. ಎರಡನೆಯದೇ ದೊಡ್ಡದು. ಆದರೂ ಮೊದಲನೆಯದರಿಂದ ಶುರುಮಾಡೋಣ.

ಬೂಷ್ಟನ್ನು ಪಿತೃಗಳು ಕಳಿಸಿದ್ದಲ್ಲ. ಎಲ್ಲೋ ಹೆಂಚು ಒಡೆದಿರುತ್ತೆ, ಇಲ್ಲವೇ ಮಳೆನೀರಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡು ನೀರು ಒಳಗೆ ಇಳಿಯುತ್ತಿರುತ್ತೆ. ಗಾಳಿ ಬೆಳಕಿಲ್ಲದ ಅಟ್ಟದಲ್ಲಿ ತೇವ ನಿಂತರೆ ಬೂಷ್ಟು ಬಂದೇ ಬರುತ್ತೆ. ನಮ್ಮ ಉಪ್ಪಿನಕಾಯಿ ಜಾಡಿಯೊಳಗೆ ಒದ್ದೆ ಸೌಟು ಹಾಕಿದರೆ ಆಗುವುದೂ ಇದೇ ತಾನೆ? ಅದಕ್ಕೆ ಯಾರೂ ಹೋಮ ಮಾಡಿಸುವುದಿಲ್ಲ.

ಶಾಸ್ತ್ರವೂ ಹಾಗೆ ಹೇಳುವುದಿಲ್ಲ. ಮನುಸ್ಮೃತಿಯ 5ನೇ ಅಧ್ಯಾಯದಲ್ಲಿ ದ್ರವ್ಯಶುದ್ಧಿಯ ವಿಚಾರ ಬರುತ್ತದೆ. ನೆಲದ ಶುದ್ಧಿಗೆ ಅಲ್ಲಿ ಐದು ದಾರಿಗಳಿವೆ: ಗುಡಿಸುವುದು, ಸಾರಿಸುವುದು, ನೀರು ಚಿಮುಕಿಸುವುದು, ಕೆರೆದು ತೆಗೆಯುವುದು, ಹಸುಗಳನ್ನು ತಂಗಿಸುವುದು. ಮರದ ವಸ್ತುಗಳಿಗೆ ಹೇಳಿರುವುದು ತಕ್ಷಣ, ಅಂದರೆ ಕೆತ್ತುವುದು. ನೋಡಿ, ಮರದ ಶುದ್ಧಿಯನ್ನು ಶಾಸ್ತ್ರವೇ ಆಚಾರಿಯ ಕೈಗೆ ಕೊಟ್ಟಿದೆ, ಪುರೋಹಿತನ ಕೈಗಲ್ಲ.

ಹಾಗಾಗಿ ಮೊದಲು ನೀರು ಎಲ್ಲಿಂದ ಬರುತ್ತೆ ಅಂತ ಹುಡುಕಿಸಿ, ಅದನ್ನು ನಿಲ್ಲಿಸಿ. ಆಷಾಢದಲ್ಲಿ ಗೃಹಪ್ರವೇಶ ಮಾಡುವುದಿಲ್ಲ ಅಲ್ಲವೆ? ಆ ತಿಂಗಳನ್ನು ಸೋರುವ ಜಾಗ ನೋಡುವುದಕ್ಕೇ ಇಟ್ಟುಕೊಳ್ಳಿ. ಆಮೇಲೆ ಅಟ್ಟ ಚೆನ್ನಾಗಿ ಒಣಗಲಿ. ಚಾಕುವಿನ ತುದಿ ಸಲೀಸಾಗಿ ಇಳಿಯುವ ತೊಲೆ ಕೊಳೆತಿದೆ ಎಂದರ್ಥ, ಅದನ್ನು ಬದಲಾಯಿಸಲೇಬೇಕು. ಗಟ್ಟಿ ಇದ್ದರೆ ಸೋಪಿನ ನೀರಲ್ಲಿ ಉಜ್ಜಿಸಿ, ಒಣಗಿಸಿ, ಬೇಕಾದಲ್ಲಿ ಕೆತ್ತಿಸಿ. ಒಣ ಪೊರಕೆ ಆಡಿಸಬೇಡಿ, ಕಣ್ಣಿಗೆ ಕಾಣದ ಪುಡಿ ಮನೆಯೆಲ್ಲ ಹರಡುತ್ತೆ. ಕೆಲಸದವರು ಮಾಸ್ಕ್ ಹಾಕಿಕೊಳ್ಳಲಿ. ಬೂಷ್ಟು ಸಾಕಷ್ಟು ಹರಡಿದ್ದರೆ ಬಲ್ಲವರನ್ನೇ ಕರೆಸಿ. ತೇವ ಹಾಗೇ ಇಟ್ಟುಕೊಂಡು ಮೇಲೆ ಸುಣ್ಣ ಬಳಿದರೆ ಮುಂದಿನ ಮಳೆಗೆ ಮತ್ತೆ ಬರುತ್ತೆ. ಕೆಲಸ ಮುಗಿಯುವ ತನಕ ನಿಮ್ಮ ಅತ್ತೆಯವರನ್ನು ಆ ಕಡೆ ಕರೆದೊಯ್ಯಬೇಡಿ. ಸಾಂಬ್ರಾಣಿ ಹೊಗೆಯಿಂದ ಬೂಷ್ಟು ಹೋಗುವುದಿಲ್ಲ, ಅವರ ಉಬ್ಬಸ ಹೆಚ್ಚಬಹುದು.

ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣ ನನ್ನದೇ ಒಂದು ತಪ್ಪು. ನಾನು ಪೌರೋಹಿತ್ಯ ಶುರುಮಾಡಿದ ಹೊಸದರಲ್ಲಿ ಒಂದು ಮನೆಯಲ್ಲಿ ವಾಸ್ತುಶಾಂತಿ ಮಾಡಿಸಿದೆ. ಮಗುವಿಗೆ ಕೆಮ್ಮು ನಿಲ್ಲುತ್ತಿಲ್ಲ, ಅದಕ್ಕೇ ಹೋಮ ಅಂದಿದ್ದರು. ಮುಗ್ಗಲು ವಾಸನೆ ನನ್ನ ಮೂಗಿಗೂ ಬಡಿದಿತ್ತು. ಮೇಲೆ ಕತ್ತೆತ್ತಿ ನೋಡಲಿಲ್ಲ. ಮಂತ್ರ ತಪ್ಪಿರಲಿಲ್ಲ, ದಕ್ಷಿಣೆಯೂ ಸಿಕ್ಕಿತು. ಮಗುವಿನ ಕೆಮ್ಮು ಮಾತ್ರ ಹೋಗಲಿಲ್ಲ. ಆ ಮನೆಯವರು ನನ್ನನ್ನು ನಂಬಿ ಇನ್ನೊಂದು ಮಳೆಗಾಲ ಅಲ್ಲೇ ಕಳೆದರು. ಅಂದಿನಿಂದ ಹಳೆ ಮನೆಗೆ ಹೋದರೆ ಸಂಕಲ್ಪಕ್ಕೆ ಮುಂಚೆ ಅಟ್ಟ ನೋಡುತ್ತೇನೆ.

ಹಾಗಾದರೆ ವಾಸ್ತುಶಾಂತಿ ಬೇಡವೆ? ಬೇಕು. ಗೃಹ್ಯಸೂತ್ರಗಳಲ್ಲೇ ಅದಕ್ಕೆ ಸ್ಥಾನವಿದೆ. ಆದರೆ ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿದವನು ದೇವರ ಮುಂದೆ ಕೂತು "ಇನ್ನು ನೀನು ಕಾಯಿ" ಅನ್ನುವುದು ಪ್ರಾರ್ಥನೆ. ಏನೂ ಮಾಡದೆ ಹಾಗೆ ಅನ್ನುವುದು ನಮ್ಮ ಕೆಲಸವನ್ನು ಅವನ ತಲೆಗೆ ಕಟ್ಟುವುದು.

ಈಗ ಎರಡನೆಯ ಪ್ರಶ್ನೆ. ಬೆಲೆ ಇಳಿಸಿ ಕೇಳುವುದು ತಪ್ಪಲ್ಲ. ತನಗೆ ಗೊತ್ತಿದ್ದು, ಕೊಳ್ಳುವವರ ಕಣ್ಣಿಗೆ ಸಾಮಾನ್ಯ ಎಚ್ಚರಿಕೆಯಿಂದ ಬೀಳದ ದೊಡ್ಡ ದೋಷವನ್ನು ಮಾರುವವರು ತಿಳಿಸಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. ಆದರೆ ಅಟ್ಟ ಹತ್ತಲಾಗದ ಆ ವಯಸ್ಸಾದವರಿಗೆ ಇದು ಗೊತ್ತಿದೆಯೋ ಇಲ್ಲವೋ. ಫೋಟೋ ತೆಗೆದು ತೋರಿಸಿ. ಆಚಾರಿಯಿಂದ ಖರ್ಚಿನ ಅಂದಾಜು ಬರೆಸಿ, ಅದನ್ನು ಅವರ ಮುಂದಿಟ್ಟು, "ಇಷ್ಟು ಕಡಿಮೆ ಮಾಡಿಕೊಡಿ" ಅಂತ ನೇರವಾಗಿ ಕೇಳಿ. ಅವರ ಮನೆಯವರು ಯಾರಾದರೂ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ವಾಸ್ತುದೋಷದ ಮಾತು ಮಾತ್ರ ಆಡಬೇಡಿ. ಹೆಂಚಿನ ದುರಸ್ತಿಗೆ ಒಂದು ಲೆಕ್ಕವಿದೆ, ಭಯಕ್ಕೆ ಲೆಕ್ಕವಿಲ್ಲ. ಇಷ್ಟು ವರ್ಷ ಬಾಳಿದ ಮನೆಯಲ್ಲಿ ಪಿತೃಗಳ ಕೋಪವಿತ್ತು ಅಂತ ಆ ತಾಯಿ ಒಬ್ಬರೇ ರಾತ್ರಿಯೆಲ್ಲ ಕೊರಗಬೇಕೆ? ನಿಮ್ಮ ವ್ಯಾಪಾರ ಮುರಿದರೆ ಆ ಸುದ್ದಿ ಬೀದಿಯಲ್ಲಿ ಉಳಿಯುತ್ತೆ, ಬೇರೆಯವರೂ ಕೊಳ್ಳುವುದಿಲ್ಲ. ವ್ಯಾಪಾರ ಕುದುರಿದರೆ, ನೀವೇ ದೋಷ ಹೊರಿಸಿದ ಮನೆಯಲ್ಲಿ ನೀವೇ ಇರಬೇಕು. ಮುಂದೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಆ ಸುಳ್ಳೇ ನಿಮ್ಮನ್ನು ಹೆದರಿಸುತ್ತೆ.

ಎಲ್ಲ ಶುದ್ಧಿಗಳಿಗಿಂತ ಹಣದ ವಿಷಯದಲ್ಲಿನ ಶುದ್ಧಿಯೇ ಹೆಚ್ಚು, ಬರೀ ಮಣ್ಣು ನೀರಿನಿಂದ ತೊಳೆದುಕೊಂಡವನು ಶುದ್ಧನಲ್ಲ ಎಂದು ಅದೇ 5ನೇ ಅಧ್ಯಾಯ ಹೇಳುತ್ತದೆ. ಮರ ಕೆತ್ತುವ ಮಾತಿಗೆ ಕೆಲವೇ ಶ್ಲೋಕ ಮುಂಚೆ ಈ ಮಾತಿದೆ. ನನ್ನ ದೃಷ್ಟಿಯಲ್ಲಿ ಗೃಹಪ್ರವೇಶದ ಮೊದಲ ಕರ್ಮ ನಡೆಯುವುದು ಹೊಸ್ತಿಲಲ್ಲಲ್ಲ, ಬೆಲೆ ಮಾತಾಡುವ ಜಗಲಿಯ ಮೇಲೆ.

ಅಟ್ಟ ಒಣಗಿದ ಮೇಲೆ ಪುಣ್ಯಾಹ, ವಾಸ್ತುಶಾಂತಿ ಮಾಡಿಸಿ, ಒಳ್ಳೆಯ ಮುಹೂರ್ತದಲ್ಲಿ ಹಾಲುಕ್ಕಿಸಿ. ಆ ವೃದ್ಧೆಯನ್ನೂ ಕರೆದು ಎಲೆ-ಅಡಿಕೆ, ಅರಿಶಿನ-ಕುಂಕುಮ ಕೊಟ್ಟು ನಮಸ್ಕಾರ ಮಾಡಿ. ಅವರು ನಗುತ್ತಾ ಹರಸುವಂತಿರಲಿ ನಿಮ್ಮ ವ್ಯವಹಾರ.

ಶುಭವಾಗಲಿ.